ಕುಡಿಯದ ಅಪ್ಪನಿಗೆ ಪ್ಯಾಂಕ್ರಿಯಾಟೈಟಿಸ್ ಬಂದಿದ್ದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಹಾಸನ ಜಿಲ್ಲೆಯ ಹಳ್ಳಿಯವರು, ತೆಂಗಿನ ತೋಟ ನೋಡಿಕೊಂಡಿದ್ದವರು. ಎರಡು ತಿಂಗಳ ಹಿಂದೆ ಅವರಿಗೆ ಬೈಪಾಸ್ ಮತ್ತು ಅಯೋರ್ಟಿಕ್ ವಾಲ್ವ್ ಬದಲಾವಣೆ ಎರಡೂ ಒಟ್ಟಿಗೆ ಆಯಿತು. ಆಪರೇಷನ್ ಆದಮೇಲೆ ಎರಡು ದಿನ ಬಿಪಿ ನಿಲ್ಲಲಿಲ್ಲ. ಮರುದಿನದ ರಿಪೋರ್ಟಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ 260 ಇತ್ತು, ಯಾರೂ ಏನೂ ಹೇಳಲಿಲ್ಲ. ನಾಲ್ಕನೇ ದಿನ ಹೊಟ್ಟೆ ಉಬ್ಬಿ ವಾಂತಿ ಶುರುವಾಯಿತು. ಲೈಪೇಸ್ ಎಂಬ ಇನ್ನೊಂದು ಕಿಣ್ವ 1,840 ಬಂತು, ಸಿ.ಟಿ. ಸ್ಕ್ಯಾನ್ ಮಾಡಿ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಬಾವು ಎಂದರು. 18 ದಿನ ಐಸಿಯುನಲ್ಲಿದ್ದು ಉಳಿದು ಬಂದರು. ಈಗ 8 ಕೆ.ಜಿ. ಇಳಿದಿದ್ದಾರೆ, ಇಲ್ಲದ ಶುಗರ್ ಬಂದಿದೆ. ಅವರು ಜೀವಮಾನದಲ್ಲಿ ಕುಡಿದವರಲ್ಲ. ಆದರೂ ನೋಡಲು ಬಂದ ನೆಂಟರು 'ಗುಟ್ಟಾಗಿ ಕುಡಿಯುತ್ತಿದ್ದರೇನೋ' ಎನ್ನುವಂತೆ ಮಾತಾಡುತ್ತಾರೆ, ಅಪ್ಪ ಅದರಿಂದ ಕುಗ್ಗಿಹೋಗಿದ್ದಾರೆ. ಎದೆಗೆ ಮಾಡಿದ ಆಪರೇಷನ್ನಿಂದ ಹೊಟ್ಟೆಯೊಳಗಿನ ಗ್ರಂಥಿ ಕೆಟ್ಟಿದ್ದು ಹೇಗೆ? ಡಾಕ್ಟರ ತಪ್ಪೇ? ಮತ್ತೆ ಬರುತ್ತದೆಯೇ? ಮುಂದಿನ ತಿಂಗಳು ಮೊಮ್ಮಗಳ ನಾಮಕರಣ. ಒಂದು ಹೋಳಿಗೆಯಾದರೂ ತಿನ್ನಬಹುದೇ ಎಂದು ಕೇಳುತ್ತಿದ್ದಾರೆ.

ಉತ್ತರ: ಮೊದಲು ನೆಂಟರಿಗೆ ಉತ್ತರ ಕೊಟ್ಟುಬಿಡೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ. ನಿಮ್ಮ ತಂದೆಗೆ ಬಂದದ್ದು ಕುಡಿತದ ಕಾಯಿಲೆಯಲ್ಲ. ಒಂದೆರಡು ದಿನ ಹೊಟ್ಟೆಯೊಳಗಿನ ಅಂಗಗಳಿಗೆ ಸಾಕಷ್ಟು ರಕ್ತ ಸಿಗದೆ ಆದ ಗಾಯ ಅದು. ಪ್ಯಾಂಕ್ರಿಯಾಸ್ ಹೆಸರು ಕೇಳಿದೊಡನೆ ಬಾಟಲಿ ನೆನಪಾಗುವುದು ನಮ್ಮ ಜನರಿಗೆ ರೂಢಿಯಾಗಿದೆ, ವಾರ್ಡಿನ ವೈದ್ಯರಿಗೂ ರೂಢಿಯಾಗಿದೆ. ಮದ್ಯ ಮತ್ತು ಪಿತ್ತಕೋಶದ ಕಲ್ಲು ಈ ಕಾಯಿಲೆಯ ಎರಡು ದೊಡ್ಡ ಕಾರಣಗಳು ಎಂಬುದು ನಿಜವೇ. ಆದರೆ ಹೃದಯದ ಆಪರೇಷನ್ ಆದವರಿಗೆ ಇದು ಬರುವ ದಾರಿ ಬೇರೆ. ಸುಮಾರು ಇಪ್ಪತ್ತು ವರ್ಷ ಹೃದಯ ಶಸ್ತ್ರಚಿಕಿತ್ಸೆಯ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ನಾನು ಕಂಡ ಪ್ಯಾಂಕ್ರಿಯಾಟೈಟಿಸ್ ರೋಗಿಗಳಲ್ಲಿ ಹೆಂಗಸರಿದ್ದರು, ಜೀವನಪೂರ್ತಿ ಏಕಾದಶಿ ಹಿಡಿದ ಅಜ್ಜಂದಿರಿದ್ದರು. ಈ ಉತ್ತರವನ್ನು ನಿಮ್ಮ ತಂದೆಗೆ ಗಟ್ಟಿಯಾಗಿ ಓದಿ ಹೇಳಿ, ಆ ನೆಂಟರು ಎದುರಿಗಿರುವಾಗಲೇ.

ಈಗ ಎದೆಗೂ ಹೊಟ್ಟೆಗೂ ಏನು ಸಂಬಂಧ ಎಂಬುದು. ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಬೆನ್ನುಮೂಳೆಗೆ ಒರಗಿಕೊಂಡು ಅಡ್ಡಲಾಗಿ ಮಲಗಿರುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದ, ಹೆಚ್ಚೆಂದರೆ ನೂರು ಗ್ರಾಂ ತೂಕ. ಇಷ್ಟು ಸಣ್ಣ ಅಂಗ ದಿನಕ್ಕೆ ಒಂದೂವರೆ ಲೀಟರಿನಷ್ಟು ಜೀರ್ಣರಸ ತಯಾರಿಸುತ್ತದೆ, ಜೊತೆಗೆ ಇನ್ಸುಲಿನ್ ಬೇರೆ. ಆ ರಸದಲ್ಲಿ ಮಾಂಸ, ಕೊಬ್ಬು, ಹಿಟ್ಟು ಎಲ್ಲವನ್ನೂ ಕರಗಿಸುವ ಕಿಣ್ವಗಳಿವೆ. ಮಾಂಸ ಕರಗಿಸುವ ವಸ್ತುವನ್ನು ಮಾಂಸದ ಅಂಗವೇ ತನ್ನೊಳಗೆ ಇಟ್ಟುಕೊಂಡಿದೆ. ಹಾಗಾಗಿ ಆ ಕಿಣ್ವಗಳನ್ನು ನಿದ್ದೆಯ ಸ್ಥಿತಿಯಲ್ಲಿ, ಸಣ್ಣ ಸಣ್ಣ ಚೀಲಗಳಲ್ಲಿ ಬಿಗಿದಿಟ್ಟಿರುತ್ತದೆ. ಅವು ಎಚ್ಚರಗೊಳ್ಳಬೇಕಾದದ್ದು ಕರುಳಿಗೆ ಇಳಿದ ಮೇಲೆ. ಜೀವಕೋಶಕ್ಕೆ ಪೆಟ್ಟು ಬಿದ್ದರೆ ಅಲ್ಲೇ ಎಚ್ಚರಗೊಳ್ಳುತ್ತವೆ. ಒಲೆಯಲ್ಲಿ ಉರಿಯಬೇಕಾದ ಬೆಂಕಿ ಸೌದೆ ಕೊಟ್ಟಿಗೆಯಲ್ಲೇ ಹೊತ್ತಿಕೊಂಡ ಹಾಗೆ. ಗ್ರಂಥಿ ತನ್ನನ್ನೇ ತಾನು ಜೀರ್ಣಿಸಿಕೊಳ್ಳುತ್ತದೆ ಎಂಬ ಮಾತನ್ನು 1896ರಲ್ಲೇ ಪ್ರಾಗ್‌ನ ರೋಗವಿಜ್ಞಾನಿ ಹ್ಯಾನ್ಸ್ ಕಿಯಾರಿ ಹೇಳಿದ್ದರು. ಇಂದಿಗೂ ಆ ಮೂಲ ವಿವರಣೆ ನಿಂತಿದೆ.

ಆ ಪೆಟ್ಟು ಬೀಳುವ ಒಂದು ಬಗೆ ರಕ್ತದ ಕೊರತೆ. ನಿಮ್ಮ ತಂದೆ ತೋಟದವರು, ಅವರಿಗೆ ನಾಲೆಯ ಲೆಕ್ಕ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಕಟ್ಟೆ ತುಂಬಿದ್ದಾಗ ಎಲ್ಲರ ಗದ್ದೆಗೂ ನೀರು. ಮಳೆ ಕೈಕೊಟ್ಟ ವರ್ಷ ತೂಬಿನ ಹತ್ತಿರದವರಿಗೆ ಸಿಗುತ್ತದೆ, ನಾಲೆಯ ಕೊನೆಭಾಗದವರು ಒಣಗುತ್ತಾರೆ. ದೇಹದಲ್ಲಿ ತೂಬಿನ ಹತ್ತಿರದ ಗದ್ದೆಗಳು ಮಿದುಳು ಮತ್ತು ಹೃದಯ. ಕರುಳು, ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ ಇವೆಲ್ಲ ಕೊನೆಭಾಗ. ಆರಾಮವಾಗಿ ಕುಳಿತಿರುವಾಗ ಹೃದಯ ಒತ್ತುವ ರಕ್ತದ ಸುಮಾರು ಕಾಲು ಭಾಗ ಹೊಟ್ಟೆಯ ಅಂಗಗಳಿಗೆ ಹೋಗುತ್ತದೆ. ಕಷ್ಟ ಬಂದಾಗ ದೇಹ ಮೊದಲು ಕತ್ತರಿಸುವುದು ಇದೇ ಪಾಲನ್ನು.

ಆಪರೇಷನ್ ನಡೆಯುವಾಗ ಹೃದಯವನ್ನು ನಿಲ್ಲಿಸಿ, ಹೃದಯ-ಶ್ವಾಸಕೋಶ ಯಂತ್ರದಿಂದ ರಕ್ತ ಓಡಿಸುತ್ತಾರೆ. 1953ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಇಂಥ ಯಂತ್ರ ಬಳಸಿ ಮೊದಲ ಬಾರಿಗೆ ಯಶಸ್ವಿಯಾಗಿ ತೆರೆದ ಹೃದಯದ ಆಪರೇಷನ್ ಮಾಡಿದರು. ಅಂದಿನಿಂದ ಯಂತ್ರ ಬಹಳ ಸುಧಾರಿಸಿದೆ. ಆದರೂ ಅದು ಹೃದಯದಂತೆ ಮಿಡಿಯುವುದಿಲ್ಲ, ಸಾಮಾನ್ಯವಾಗಿ ಒಂದೇ ಸಮನೆ ಹರಿಸುತ್ತದೆ. ಸರಾಸರಿ ಒತ್ತಡ ಸಾಧಾರಣವಾಗಿ 50ರಿಂದ 70ರ ಆಸುಪಾಸಿನಲ್ಲಿರುತ್ತದೆ. ಯಂತ್ರದ ಪೈಪುಗಳಲ್ಲಿ ತುಂಬಿಟ್ಟ ದ್ರವ ಬೆರೆತು ರಕ್ತ ತೆಳುವಾಗುತ್ತದೆ. ದೇಹವನ್ನು ತಂಪು ಮಾಡುವುದೂ ಉಂಟು. ಒಂದು ಗಂಟೆ, ಒಂದೂವರೆ ಗಂಟೆ ಇದನ್ನು ಮೇದೋಜೀರಕ ಗ್ರಂಥಿ ತಡೆದುಕೊಳ್ಳುತ್ತದೆ. ನಿಮ್ಮ ತಂದೆಗೆ ಬೈಪಾಸ್ ಮತ್ತು ವಾಲ್ವ್ ಎರಡೂ ಆಗಿದೆ ಎಂದರೆ ಯಂತ್ರದ ಮೇಲಿದ್ದ ಹೊತ್ತು ಅದಕ್ಕಿಂತ ಹೆಚ್ಚೇ ಇದ್ದೀತು. ಡಿಸ್ಚಾರ್ಜ್ ಸಾರಾಂಶದಲ್ಲಿ ಅಥವಾ ಆಪರೇಷನ್ ಟಿಪ್ಪಣಿಯಲ್ಲಿ ಆ ನಿಮಿಷಗಳನ್ನು ಬರೆದಿರುತ್ತಾರೆ, ನೋಡಿ.

ಆದರೆ ನನ್ನ ಅನುಭವದಲ್ಲಿ ಯಂತ್ರಕ್ಕಿಂತ ಹೆಚ್ಚು ಹಾನಿ ಮಾಡುವುದು ಆಮೇಲಿನ ಎರಡು ದಿನ. 'ಬಿಪಿ ನಿಲ್ಲಲಿಲ್ಲ' ಎಂದು ನೀವು ಒಂದು ಸಾಲಿನಲ್ಲಿ ಬರೆದಿದ್ದೀರಲ್ಲ, ಇಡೀ ಕಥೆಯ ಕೀಲಿ ಅಲ್ಲಿದೆ. ದಣಿದ ಹೃದಯ ಸರಿಯಾಗಿ ಒತ್ತದಿದ್ದಾಗ ನಾರ್‌ಅಡ್ರಿನಲಿನ್, ವ್ಯಾಸೊಪ್ರೆಸಿನ್ ಮುಂತಾದ ಔಷಧಿಗಳನ್ನು ಹನಿ ಹನಿಯಾಗಿ ಕೊಡುತ್ತೇವೆ. ಅವು ರಕ್ತನಾಳಗಳನ್ನು ಹಿಂಡಿ ಒತ್ತಡ ಎತ್ತುತ್ತವೆ. ಹಿಂಡುವುದು ಹೊಟ್ಟೆಯ ರಕ್ತನಾಳಗಳನ್ನೂ ಸೇರಿಸಿಯೇ. ವ್ಯಾಸೊಪ್ರೆಸಿನ್‌ನ ಬಂಧುವಾದ ಟೆರ್ಲಿಪ್ರೆಸಿನ್ ಅನ್ನು ಲಿವರ್ ರೋಗಿಗಳು ರಕ್ತ ವಾಂತಿ ಮಾಡಿಕೊಂಡಾಗ ಕೊಡುತ್ತಾರೆ. ಏಕೆಂದರೆ ಅದು ಹೊಟ್ಟೆಯೊಳಗಿನ ರಕ್ತದ ಹರಿವನ್ನು ಇಳಿಸುತ್ತದೆ. ಅಲ್ಲಿ ಬೇಕಾದ ಗುಣ ಇಲ್ಲಿ ಬೆಲೆ ಕೇಳುತ್ತದೆ. ಮಾನಿಟರಿನಲ್ಲಿ 120 ಎಂದು ತೋರಿಸುತ್ತಿರಬಹುದು, ಮಿದುಳು ಮೂತ್ರಪಿಂಡ ಉಳಿಯಲು ಅದು ಬೇಕೇ ಬೇಕು. ಆದರೆ ಆ 120 ಎಲ್ಲಿಂದ ಬಂತು ಎಂದು ಕೇಳಿದರೆ, ಒಂದಿಷ್ಟು ಪಾಲು ಕೊನೆಭಾಗದವರ ಗದ್ದೆಯಿಂದ ಬಂತು. ಅದೇ ದಿನಗಳಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿತ್ತೇ, ಲಿವರ್ ಕಿಣ್ವಗಳು ಏರಿದ್ದವೇ ನೋಡಿ. ಏರಿದ್ದರೆ ಅವು ಅದೇ ಬರಗಾಲದ ಗುರುತುಗಳು.

ಇನ್ನೊಂದು ದಾರಿ ಇದೆ. ನಿಮ್ಮ ತಂದೆಯ ವಯಸ್ಸಿನವರಲ್ಲಿ, ಅದರಲ್ಲೂ ಅಯೋರ್ಟಿಕ್ ವಾಲ್ವ್ ಕೆಟ್ಟವರಲ್ಲಿ, ಮಹಾಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣ ಅಂಟಿಕೊಂಡಿರುತ್ತದೆ. ಅಲ್ಲಿ ಪೈಪು ಕೂರಿಸುವಾಗ, ಕ್ಲ್ಯಾಂಪ್ ಹಾಕಿ ತೆಗೆಯುವಾಗ, ಸಾಸಿವೆ ಕಾಳಿಗಿಂತ ಸಣ್ಣ ಚೂರುಗಳು ಕಳಚಿ ರಕ್ತದ ಜೊತೆ ಓಡುತ್ತವೆ. ಮಿದುಳಿಗೆ ಹೋದರೆ ಲಕ್ವಾ, ಕಾಲ್ಬೆರಳಿಗೆ ಹೋದರೆ ಬೆರಳು ನೀಲಿ. ಮೇದೋಜೀರಕ ಗ್ರಂಥಿಯ ಸಣ್ಣ ನಾಳಗಳಿಗೆ ಹೋದರೆ ಹೊರಗೆ ಏನೂ ಕಾಣುವುದಿಲ್ಲ. ಯಂತ್ರವಿಲ್ಲದೆ ಮಿಡಿಯುವ ಹೃದಯದ ಮೇಲೆಯೇ ಬೈಪಾಸ್ ಮಾಡುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಇದೆ. ಅದರಲ್ಲೂ ಈ ತೊಂದರೆ ಪೂರ್ತಿ ತಪ್ಪಿಲ್ಲ. ಕಾರಣ ನೀವೇ ಊಹಿಸಬಹುದು: ಹೃದಯ ದಣಿಯುವುದು ಅಲ್ಲೂ ಉಂಟು.

ಮೂರನೆಯದು ಕ್ಯಾಲ್ಸಿಯಂ. ಇದನ್ನು ಬಿಡದೆ ಹೇಳಬೇಕು, ಏಕೆಂದರೆ ನಮ್ಮ ಕೈಯಲ್ಲಿರುವ ಸಂಗತಿ ಇದು. ಯಂತ್ರದಿಂದ ಹೃದಯವನ್ನು ಹೊರತರುವಾಗ, ಮಿಡಿತಕ್ಕೆ ಬಲ ಬರಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಚುಚ್ಚುವ ರೂಢಿ ಹಿಂದಿನಿಂದ ಇತ್ತು. 1991ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡವೊಂದು ಹೃದಯದ ಆಪರೇಷನ್ ಆದ 300 ಮಂದಿಯನ್ನು ಒಬ್ಬರಾದ ಮೇಲೆ ಒಬ್ಬರಂತೆ ಪರೀಕ್ಷಿಸಿತು. ಅವರಲ್ಲಿ ನೂರಕ್ಕೆ 27 ಮಂದಿಯ ರಕ್ತದಲ್ಲಿ ಮೇದೋಜೀರಕ ಗ್ರಂಥಿಯ ಜೀವಕೋಶಗಳಿಗೆ ಗಾಯವಾದ ಕುರುಹು ಸಿಕ್ಕಿತು. ತೀವ್ರ ಕಾಯಿಲೆಯಾಗಿ ಬೆಳೆದದ್ದು ಮೂವರಲ್ಲಿ ಮಾತ್ರ. ಹೆಚ್ಚು ಕ್ಯಾಲ್ಸಿಯಂ ಪಡೆದವರಲ್ಲಿ ಗಾಯವೂ ಹೆಚ್ಚು ಎಂಬುದು ಅವರು ಕಂಡ ಮುಖ್ಯ ಸಂಗತಿ. ಕಾರಣ ಇಷ್ಟೇ: ಆ ನಿದ್ದೆಯ ಕಿಣ್ವಗಳನ್ನು ಎಬ್ಬಿಸುವ ಸಂಕೇತಗಳಲ್ಲಿ ಜೀವಕೋಶದೊಳಗೆ ಏರುವ ಕ್ಯಾಲ್ಸಿಯಂ ಕೂಡ ಒಂದು. ಅದನ್ನು ಓದಿದ ಮೇಲೆ ನಾನು ಕ್ಯಾಲ್ಸಿಯಂ ಕೊಡುವ ಮುಂಚೆ ರಕ್ತದಲ್ಲಿ ಅದರ ಮಟ್ಟ ನೋಡದೆ ಸಿರಿಂಜ್ ಎತ್ತಿದವನಲ್ಲ.

ನೂರಕ್ಕೆ 27 ಎಂದರೆ 300ರಲ್ಲಿ ಸುಮಾರು 80 ಮಂದಿ. ಆ 80ಕ್ಕೂ ಆ ಮೂವರಿಗೂ ನಡುವಿನ ಅಂತರವನ್ನು ಗಮನಿಸಿ. ನಿಮ್ಮ 'ಅಮೈಲೇಸ್ 260, ಯಾರೂ ಏನೂ ಹೇಳಲಿಲ್ಲ' ಎಂಬ ಮಾತಿಗೆ ಉತ್ತರ ಅಲ್ಲಿದೆ. ಹೃದಯದ ಆಪರೇಷನ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಮೊದಲ ದಿನಗಳಲ್ಲಿ ಅಮೈಲೇಸ್ ಏರುತ್ತದೆ. ಅಮೈಲೇಸ್ ನಮ್ಮ ಜೊಲ್ಲಿನಲ್ಲೂ ಇದೆ. ಬಾಯಲ್ಲಿ ಪೈಪು ಇಟ್ಟು ಗಂಟೆಗಟ್ಟಲೆ ಮಲಗಿಸಿದಾಗ ಜೊಲ್ಲಿನ ಗ್ರಂಥಿಗಳಿಂದಲೂ ಅದು ರಕ್ತಕ್ಕೆ ಸೇರಬಹುದು. ಮೂತ್ರಪಿಂಡ ಮಂದವಾದರೆ ಹೊರಹೋಗದೆ ಉಳಿಯುತ್ತದೆ. ಹಾಗಾಗಿ ಆ ಸಂಖ್ಯೆ ಒಂದನ್ನೇ ಹಿಡಿದು ಯಾರೂ ಪ್ಯಾಂಕ್ರಿಯಾಟೈಟಿಸ್ ಎನ್ನುವುದಿಲ್ಲ. ನಿಜವಾದ ಕಾಯಿಲೆ ಬರುವುದು ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನರಿಗೆ. ಅದನ್ನು ನಿರ್ಧರಿಸಲು ಮೂರರಲ್ಲಿ ಎರಡಾದರೂ ಇರಬೇಕು: ಹೊಟ್ಟೆಯ ಮೇಲ್ಭಾಗದ ವಿಶಿಷ್ಟ ನೋವು, ಮಾಮೂಲಿ ಮಿತಿಯ ಮೂರು ಪಟ್ಟು ಮೀರಿದ ಲೈಪೇಸ್ ಅಥವಾ ಅಮೈಲೇಸ್, ಸ್ಕ್ಯಾನ್‌ನಲ್ಲಿ ಕಾಣುವ ಬಾವು. 260 ಮೂರು ಪಟ್ಟು ಮುಟ್ಟುವುದಿಲ್ಲ. ನಾಲ್ಕನೇ ದಿನದ ಲೈಪೇಸ್ ಅದನ್ನು ಎಷ್ಟೋ ದಾಟಿತ್ತು, ಸ್ಕ್ಯಾನ್ ಕೂಡ ಹೇಳಿತು.

ಕಷ್ಟ ಇರುವುದು ಆ 'ವಿಶಿಷ್ಟ ನೋವಿ'ನಲ್ಲಿ. ಊರಿನಿಂದ ನೇರವಾಗಿ ಬಂದ ರೋಗಿ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾನೆ, 'ಹೊಟ್ಟೆಯಿಂದ ಬೆನ್ನಿಗೆ ಗುದ್ದಲಿ ಹಾಕಿದಂಗೆ' ಎನ್ನುತ್ತಾನೆ. ಎದೆಮೂಳೆ ಸೀಳಿ ತಂತಿ ಕಟ್ಟಿ, ನೋವಿನ ಔಷಧಿ ಹರಿಸುತ್ತಿರುವ ರೋಗಿ ಏನು ಹೇಳಬಲ್ಲ? ವೆಂಟಿಲೇಟರ್ ಮೇಲಿದ್ದರೆ ಅದೂ ಇಲ್ಲ. ಹೊಟ್ಟೆ ಉಬ್ಬಿದರೆ 'ಆಪರೇಷನ್ ಆದಮೇಲೆ ಕರುಳು ನಿಧಾನ' ಎಂದುಕೊಳ್ಳುತ್ತೇವೆ. ಎಡ ಎದೆಯಲ್ಲಿ ನೀರು ಸೇರಿದರೆ 'ಬೈಪಾಸ್ ಆದವರಿಗೆ ಮಾಮೂಲು' ಎನ್ನುತ್ತೇವೆ. ಪ್ಯಾಂಕ್ರಿಯಾಟೈಟಿಸ್ ಕೂಡ ಹೆಚ್ಚಾಗಿ ಎಡಗಡೆಯೇ ನೀರು ತರುತ್ತದೆ. ಜ್ವರ, ಬಿಳಿ ರಕ್ತಕಣ ಏರಿಕೆ, ಶುಗರ್ ಏರಿಕೆ, ಗೊಂದಲದ ಮಾತು, ಪ್ರತಿಯೊಂದಕ್ಕೂ ಹೃದಯದ ಆಪರೇಷನ್ನಿನಲ್ಲೇ ಒಂದು ಕಾರಣ ಸಿಕ್ಕಿಬಿಡುತ್ತದೆ.

ನಾನೂ ಹೀಗೆ ಎಡವಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ವಾಲ್ವ್ ಆಪರೇಷನ್ ಆದ ಒಬ್ಬರು ಮೂರನೇ ದಿನವೂ ವೆಂಟಿಲೇಟರ್ ಮೇಲಿದ್ದರು. ಬಿಪಿ ಔಷಧಿ ಇಳಿಸಲು ಹೋದರೆ ಬಿಪಿ ಬೀಳುತ್ತಿತ್ತು. ನಾವು ನಾಲ್ಕು ಜನ ಹಾಸಿಗೆಯ ತಲೆಗಡೆ ನಿಂತು ಎಕೋ ನೋಡಿದೆವು, ಎಕ್ಸ್-ರೇ ನೋಡಿದೆವು, ಎದೆಯಲ್ಲಿ ಸೋಂಕೋ ಎಂದು ಚರ್ಚಿಸಿದೆವು. ರಾತ್ರಿ ಪಾಳಿಯ ಸಿಸ್ಟರ್ ಕಾಲುಗಡೆಯಿಂದ ಮೆಲ್ಲಗೆ ಹೇಳಿದರು: 'ಸರ್, ಬೆಳಗ್ಗೆಯಿಂದ ಪೈಪಿನಲ್ಲಿ ಹಾಕಿದ ಫೀಡ್ ಹಾಗೇ ವಾಪಸ್ ಬರ್ತಿದೆ, ಹಸಿರಾಗಿ.' ಹೊದಿಕೆ ಸರಿಸಿ ಹೊಟ್ಟೆ ಮುಟ್ಟಿದೆ. ಕಾಯಿಸಿದ ತಮಟೆಯಂತೆ ಬಿಗಿಯಾಗಿತ್ತು. ಸ್ಟೆತೊಸ್ಕೋಪ್ ಇಟ್ಟು ಒಂದು ನಿಮಿಷ ಕೇಳಿದರೂ ಕರುಳಿನ ಸದ್ದು ಒಂದೂ ಇಲ್ಲ. ನಿದ್ದೆಯ ಔಷಧಿಯಲ್ಲಿದ್ದ ಆ ಮನುಷ್ಯನ ಹುಬ್ಬು ನನ್ನ ಕೈ ಒತ್ತಿದಾಗ ಮಾತ್ರ ಗಂಟಿಕ್ಕಿತು. ಎರಡು ದಿನದಿಂದ ಅವರ ಎದೆಯ ಗಾಯವನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ, ಹೊಟ್ಟೆಗೆ ಕೈ ಇಟ್ಟಿದ್ದು ಅದೇ ಮೊದಲು. ಅಂದಿನಿಂದ ರೌಂಡ್ಸಿನಲ್ಲಿ ನನ್ನ ಕೈ ಮೊದಲು ಹೋಗುವುದು ಹೊಟ್ಟೆಗೆ.

ಹೊಟ್ಟೆ ಬಿಗಿಯಾದಾಗ ಸ್ಕ್ಯಾನ್‌ಗೆ ಧಾವಿಸುವುದು ಪ್ಯಾಂಕ್ರಿಯಾಸ್ ನೋಡಲಿಕ್ಕೆ ಮಾತ್ರವಲ್ಲ. ಕರುಳಿಗೇ ರಕ್ತ ನಿಂತುಹೋಗಿದ್ದರೂ ಹೀಗೇ ಆಗುತ್ತದೆ, ಅಮೈಲೇಸ್ ಕೂಡ ಏರಬಹುದು. ಅದು ಗಂಟೆಗಳ ಲೆಕ್ಕದಲ್ಲಿ ಕೊಲ್ಲುವ ಸ್ಥಿತಿ, ಹೊಟ್ಟೆ ತೆರೆಯಬೇಕಾಗಬಹುದು. ಹುಣ್ಣು ತೂತಾಗಿರಬಹುದು, ಕಲ್ಲಿಲ್ಲದೆಯೇ ಪಿತ್ತಕೋಶ ಊದಿರಬಹುದು. ನಿಮ್ಮ ತಂದೆಯ ವೈದ್ಯರು ವಾಂತಿ ಶುರುವಾದೊಡನೆ ಲೈಪೇಸ್ ಕಳಿಸಿ ಸ್ಕ್ಯಾನ್ ಮಾಡಿಸಿದ್ದು ಸರಿಯಾದ ನಡೆ.

ಚಿಕಿತ್ಸೆಯ ವಿವರ ಈಗ ನಿಮಗೆ ಬೇಕಿಲ್ಲ, ಆದರೆ ಆ 18 ದಿನ ಯಾಕೆ ಹಿಡಿಯಿತು ಎಂದು ತಿಳಿದಿರಲಿ. ಪ್ಯಾಂಕ್ರಿಯಾಟೈಟಿಸ್‌ಗೆ ಔಷಧಿ ಎಂಬುದೊಂದಿಲ್ಲ. ದ್ರವ, ನೋವು ಶಮನ, ಆಹಾರ, ಕಾಯುವಿಕೆ ಇಷ್ಟೇ. ಬೇರೆ ರೋಗಿಗೆ ಗ್ಲೂಕೋಸ್ ಬಾಟಲಿ ಧಾರಾಳವಾಗಿ ಹರಿಸಬಹುದಿತ್ತು. ಹೃದಯದ ಆಪರೇಷನ್ ಆದವರ ಮೈಯಲ್ಲಿ ಆಗಲೇ ಮೂರು ನಾಲ್ಕು ಲೀಟರ್ ಹೆಚ್ಚುವರಿ ನೀರು ಇರಬಹುದು, ಅದನ್ನು ಇಳಿಸಲು ಮೂತ್ರದ ಔಷಧಿ ನಡೆದಿರುತ್ತದೆ. ಒಂದು ಕೈಯಲ್ಲಿ ನೀರು ತೆಗೆಯಬೇಕು, ಇನ್ನೊಂದು ಕೈಯಲ್ಲಿ ಕೊಡಬೇಕು. ಧಾರಾಳ ದ್ರವವೇ ಒಳ್ಳೆಯದು ಎಂಬ ಹಳೆಯ ನಂಬಿಕೆಯೂ ಈಗ ಉಳಿದಿಲ್ಲ. ಭಾರತ, ಇಟಲಿ, ಮೆಕ್ಸಿಕೋ, ಸ್ಪೇನ್ ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿ 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಎಂಬ ಅಧ್ಯಯನದಲ್ಲಿ, ಧಾರಾಳವಾಗಿ ದ್ರವ ಪಡೆದವರಲ್ಲಿ ನೂರಕ್ಕೆ 20.5 ಮಂದಿಗೆ ಮೈಯಲ್ಲಿ ನೀರು ಹೆಚ್ಚಾಯಿತು, ಹದವಾಗಿ ಪಡೆದವರಲ್ಲಿ 6.3 ಮಂದಿಗೆ. ಕಾಯಿಲೆಯ ತೀವ್ರತೆಯಲ್ಲಿ ಲಾಭವೇನೂ ಕಾಣಲಿಲ್ಲ, ಅಧ್ಯಯನವನ್ನು 249 ರೋಗಿಗಳಿಗೇ ನಿಲ್ಲಿಸಿದರು. ಆ ಅಧ್ಯಯನಕ್ಕೆ ಹೃದಯ ವೈಫಲ್ಯ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಹಾಗಾಗಿ ನಿಮ್ಮ ತಂದೆಯಂಥವರಿಗೆ ಲೆಕ್ಕ ಬರೆದಿಟ್ಟ ಪುಸ್ತಕವಿಲ್ಲ, ಗಂಟೆಗೊಮ್ಮೆ ಮೂತ್ರ, ಒತ್ತಡ, ಶ್ವಾಸಕೋಶ ನೋಡಿ ಹನಿ ಹನಿ ತೂಗಬೇಕು.

ರಕ್ತ ತೆಳುವಾಗಿಸುವ ಔಷಧಿಯದೂ ಇದೇ ಸಂಕಟ. ಹೊಸ ವಾಲ್ವ್ ಮೇಲೆ ಹೆಪ್ಪು ಕಟ್ಟಬಾರದು, ಬಾವು ಬಂದ ಗ್ರಂಥಿಯೊಳಗೆ ರಕ್ತ ಸುರಿಯಬಾರದು. ಇಂಥ ಹೊತ್ತಿನಲ್ಲಿ ಸಾಧಾರಣವಾಗಿ ಮಾತ್ರೆ ನಿಲ್ಲಿಸಿ ಹೆಪರಿನ್ ಹರಿಸುತ್ತೇವೆ, ಬೇಕಾದರೆ ತಕ್ಷಣ ನಿಲ್ಲಿಸಬಹುದಲ್ಲ ಎಂದು. ಮೂಗಿನ ಪೈಪಿನಲ್ಲಿ ಅವರಿಗೆ ಬೇಗನೆ ಆಹಾರ ಕೊಟ್ಟಿದ್ದರೆ ಗಾಬರಿಯಾಗಬೇಡಿ. 'ವಾರಗಟ್ಟಲೆ ಬಾಯಿಗೆ ನೀರೂ ಬೇಡ' ಎಂಬ ಕಾಲ ಹೋಯಿತು. ಕರುಳಿಗೆ ಕೆಲಸ ಕೊಟ್ಟಷ್ಟೂ ಸೋಂಕು ಕಡಿಮೆ. ಕ್ಯಾಲ್ಸಿಯಂ ವಿಚಾರವೂ ಇಲ್ಲಿ ತಿರುಗಿಬೀಳುತ್ತದೆ. ಹೊರಚೆಲ್ಲಿದ ಲೈಪೇಸ್ ಹೊಟ್ಟೆಯೊಳಗಿನ ಕೊಬ್ಬನ್ನು ಕರಗಿಸಿ, ಅದು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗುತ್ತದೆ. ಹೊಟ್ಟೆ ತೆರೆದು ನೋಡಿದ ಸರ್ಜನ್‌ಗೆ ಕೊಬ್ಬಿನ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ರಕ್ತದ ಕ್ಯಾಲ್ಸಿಯಂ ಆಗ ಇಳಿಯುತ್ತದೆ.

ಇನ್ನು ತಪ್ಪು ಯಾರದು ಎಂಬುದು. ನಿಮ್ಮ ಪತ್ರದಲ್ಲಿರುವಷ್ಟರಿಂದ ನನಗೆ ತಪ್ಪು ಕಾಣುವುದಿಲ್ಲ. ಬಿಪಿ ಔಷಧಿ ಕೊಡದಿದ್ದರೆ ನಿಮ್ಮ ತಂದೆ ಆ ಎರಡು ದಿನ ದಾಟುತ್ತಿರಲಿಲ್ಲ. ಆದರೆ ಹೀಗಾಯಿತು ಎಂದು ನಿಮ್ಮನ್ನು ಕೂರಿಸಿಕೊಂಡು ವಿವರಿಸದೆ ಬಿಟ್ಟಿದ್ದರೆ, ಅದು ನಿಜವಾದ ಕೊರತೆ. ವೈದ್ಯನಾಗಿ ನಾನು ಅದನ್ನು ಸಮರ್ಥಿಸಲಾರೆ. ಎರಡು ತಿಂಗಳು ನೀವು ಈ ಪ್ರಶ್ನೆಗಳನ್ನು ಹೊತ್ತು ತಿರುಗಬೇಕಾಗಿರಲಿಲ್ಲ. ಚಿಕಿತ್ಸೆಯ ದಾಖಲೆಗಳ ಪ್ರತಿ ಕೇಳಲು ನಿಮಗೆ ಹಕ್ಕಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಜಗಳಕ್ಕೆಂದಲ್ಲ, ಮುಂದೆ ಯಾವ ವೈದ್ಯರ ಹತ್ತಿರ ಹೋದರೂ ಆ ಕಾಗದ ಬೇಕು.

ಮತ್ತೆ ಬರುತ್ತದೆಯೇ? ಕಾರಣ ಆ ದಿನಗಳ ರಕ್ತದ ಕೊರತೆಯೇ ಆಗಿದ್ದರೆ, ಆ ಕಾರಣ ಕಳೆದುಹೋಗಿದೆ. ಬೇರೆ ಕಾರಣ ಜೊತೆಗೆ ಅಡಗಿಲ್ಲ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ಅಲ್ಟ್ರಾಸೌಂಡ್, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮತ್ತು ಕ್ಯಾಲ್ಸಿಯಂ ಒಮ್ಮೆ. ಟ್ರೈಗ್ಲಿಸರೈಡ್ 1,000 ದಾಟಿದ್ದರೆ ಅದೇ ಪ್ಯಾಂಕ್ರಿಯಾಟೈಟಿಸ್ ತರಬಲ್ಲದು. ಕಲ್ಲಿದ್ದರೆ ಪಿತ್ತಕೋಶ ಯಾವಾಗ ತೆಗೆಸಬೇಕು ಎಂದು ಹೃದಯದ ವೈದ್ಯರು ಮತ್ತು ಹೊಟ್ಟೆಯ ಸರ್ಜನ್ ಕೂತು ತೀರ್ಮಾನಿಸಬೇಕು. ಯಾರೋ ಹೇಳಿದರೆಂದು ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಡಿ. ಸ್ಟ್ಯಾಟಿನ್‌ನಿಂದ ಪ್ಯಾಂಕ್ರಿಯಾಸ್ ಕೆಡುತ್ತದೆ ಎಂಬ ಭಯಕ್ಕೆ ದೊಡ್ಡ ಅಧ್ಯಯನಗಳಲ್ಲಿ ಬೆಂಬಲ ಸಿಕ್ಕಿಲ್ಲ. ಆಸ್ಪಿರಿನ್ ಅಂತೂ ಬೈಪಾಸ್ ನಾಳಗಳ ಉಸಿರು, ವೈದ್ಯರು ಹೇಳದೆ ಒಂದು ದಿನವೂ ತಪ್ಪಬಾರದು.

ಶುಗರ್ ವಿಷಯದಲ್ಲಿ ಆತುರ ಬೇಡ. ಆಪರೇಷನ್ನಿನ ಒತ್ತಡಕ್ಕೂ ಶುಗರ್ ಏರುತ್ತದೆ, ಅದು ಇಳಿಯಬಹುದು. ಗ್ರಂಥಿಯೇ ಗಾಯಗೊಂಡಿದ್ದರೆ ಉಳಿಯಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗಲೇ ಪೂರ್ತಿ ನಂಬಬೇಡಿ. ಆಪರೇಷನ್ ವೇಳೆ ಬೇರೆಯವರ ರಕ್ತ ಕೊಟ್ಟಿದ್ದರೆ ಆ ಸಂಖ್ಯೆ ದಾರಿ ತಪ್ಪಿಸುತ್ತದೆ. ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ಬರಿಹೊಟ್ಟೆಯದು ಮತ್ತು ಊಟದ ಎರಡು ಗಂಟೆಯ ನಂತರದ್ದು ನೋಡಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಶುಗರ್ ವೈದ್ಯರಿಗೆ ಪ್ಯಾಂಕ್ರಿಯಾಟೈಟಿಸ್ ಆಗಿತ್ತು ಎಂದು ಬಾಯಿಬಿಟ್ಟು ಹೇಳಿ. ನಮ್ಮ ಕಡೆ ಸುಲಭವಾಗಿ ಬರೆಯುವ 'ಗ್ಲಿಪ್ಟಿನ್' ಗುಂಪಿನ ಮಾತ್ರೆಗಳನ್ನು ಇಂಥವರಿಗೆ ತಪ್ಪಿಸುವುದು ಒಳ್ಳೆಯದು.

ತೂಕ ಇಳಿದದ್ದೇ ನನಗೆ ಈಗ ಹೆಚ್ಚು ಚಿಂತೆಯ ವಿಷಯ. ಮುಜುಗರ ಪಡದೆ ಅಪ್ಪನನ್ನು ಕೇಳಿ: ಮಲ ಜಿಡ್ಡಾಗಿ, ತೇಲುವಂತೆ, ನೀರು ಸುರಿದರೂ ಅಂಟಿಕೊಳ್ಳುವಂತೆ ಇದೆಯೇ? ಇದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಎಂದರ್ಥ. ಮಲದಲ್ಲಿ ಇಲಾಸ್ಟೇಸ್ ಎಂಬ ಗ್ರಂಥಿಯ ಕಿಣ್ವ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟದ ಮೊದಲ ತುತ್ತಿನ ಜೊತೆ ನುಂಗಬೇಕು, ಊಟ ಮುಗಿಸಿ ನುಂಗಿದರೆ ಕೆಲಸ ಅರೆಬರೆ. ಆ ಕ್ಯಾಪ್ಸೂಲ್ ಹಂದಿಯ ಗ್ರಂಥಿಯಿಂದ ತಯಾರಾದದ್ದು. ನಿಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲವಾದರೆ ಅಪ್ಪನಿಗೆ ಮುಚ್ಚಿಟ್ಟು ಕೊಡಬೇಡಿ, ಹೇಳಿ ಕೊಡಿ. ತಿಳಿದ ಮೇಲೂ ಬಹುತೇಕರು ಔಷಧಿ ಎಂದು ಒಪ್ಪಿಕೊಂಡದ್ದನ್ನು ನೋಡಿದ್ದೇನೆ. ವಾಲ್ವ್‌ಗಾಗಿ ರಕ್ತ ತೆಳುವಾಗಿಸುವ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ನಡೆಯುತ್ತಿದ್ದರೆ ಇನ್ನೊಂದು ಎಚ್ಚರ. ಕೊಬ್ಬು ಹೀರದಿದ್ದರೆ ಅದರ ಜೊತೆ ಬರುವ ಕೆ ಜೀವಸತ್ವವೂ ಹೀರುವುದಿಲ್ಲ, ಅದೇ ಮಾತ್ರೆ ಅದೇ ಪ್ರಮಾಣದಲ್ಲಿ ರಕ್ತವನ್ನು ಹೆಚ್ಚು ತೆಳುವಾಗಿಸುತ್ತದೆ. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ ಪರೀಕ್ಷೆಯನ್ನು ಈ ಕೆಲವು ತಿಂಗಳು ಹತ್ತಿರ ಹತ್ತಿರ ಮಾಡಿಸಿ. ಹಲ್ಲುಜ್ಜುವಾಗ ರಕ್ತ, ಕಪ್ಪು ಮಲ ಕಂಡರೆ ಅದೇ ದಿನ ಹೋಗಿ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಮೇಲ್ಹೊಟ್ಟೆಯಲ್ಲಿ ಗಡ್ಡೆಯಂತೆ ಸಿಕ್ಕರೆ, ಗ್ರಂಥಿಯ ಸುತ್ತ ನೀರಿನ ಚೀಲ ಕಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಅದು ಸಾಧಾರಣವಾಗಿ ನಾಲ್ಕು ವಾರ ಕಳೆದ ಮೇಲೆ ರೂಪುಗೊಳ್ಳುತ್ತದೆ. ಜ್ವರ, ಕಣ್ಣು ಹಳದಿ, ಬೆನ್ನಿಗೆ ಹರಡುವ ನೋವು ಇವಕ್ಕೆ ಬೆಳಗಾಗುವವರೆಗೂ ಕಾಯಬೇಡಿ.

ಊಟಕ್ಕೆ ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಹಾಕಿ ಅವರನ್ನು ಇನ್ನಷ್ಟು ಸೊರಗಿಸಬೇಡಿ. ಎದೆಮೂಳೆ ಕೂಡಲು, ಸ್ನಾಯು ಮರಳಲು ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕು. ಮೂರು ಹೊತ್ತಿನ ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕರಿದದ್ದು ಸದ್ಯಕ್ಕೆ ಬೇಡ. ತೆಂಗಿನ ತೋಟದ ಮನೆಯಲ್ಲಿ ಕಾಯಿ ಬಿಡಿ ಎಂದರೆ ಯಾರು ಕೇಳುತ್ತಾರೆ, ಸಾರಿಗೆ ಒಗ್ಗರಣೆಯಷ್ಟು ಹಾಕಿ, ಗಟ್ಟಿ ಚಟ್ನಿ ಕಡಿಮೆ ಮಾಡಿ. ಮದ್ಯ ಅವರು ಮುಟ್ಟಿದವರಲ್ಲ, ಇನ್ನು ಬೀಡಿ ಸಿಗರೇಟು ಇದ್ದರೆ ಅದೂ ಪೂರ್ತಿ ನಿಲ್ಲಲಿ. ಪ್ಯಾಂಕ್ರಿಯಾಸ್‌ಗೂ ಹೊಗೆಗೂ ಆಗಿಬರುವುದಿಲ್ಲ.

ನಾಮಕರಣಕ್ಕೆ ಒಂದು ಹೋಳಿಗೆ ತಿನ್ನಲಿ. ಮೇಲೆ ತುಪ್ಪ ಒಂದು ಟೀ ಚಮಚಕ್ಕೆ ಮೀರದಿರಲಿ, ಆ ಹೊತ್ತಿನ ಅನ್ನ ಅಷ್ಟು ಕಡಿಮೆ ಮಾಡಲಿ. ಕ್ಯಾಪ್ಸೂಲ್ ಶುರುವಾಗಿದ್ದರೆ ಮೊದಲ ತುಂಡಿನ ಜೊತೆಗೇ ನುಂಗಲಿ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ಶುಗರ್ ನೋಡಿ, ನೋಟ್‌ಬುಕ್‌ನಲ್ಲಿ ಆ ಸಂಖ್ಯೆಯ ಪಕ್ಕದಲ್ಲಿ 'ಹೋಳಿಗೆ 1' ಎಂದು ಬರೆದಿಡಿ, ಮುಂದಿನ ಭೇಟಿಗೆ ಹೋಗುವಾಗ ವೈದ್ಯರಿಗೆ ತೋರಿಸಿ.